ರಣಛಾಯಾರತ್ನ ದೇಜಪ್ಪ

ದೇಜಪ್ಪನ ಕ್ಯಾಮರಾದ ಎದುರು ಯಾರೇ ಕುಳಿತರೂ ಅವರ ಗದ್ದ ಅವನಿಗೆ ಸರಿ ಕಂಡದ್ದಿಲ್ಲ. ಕಂಪೆನಿಯ ಮ್ಯಾನೇಜರ್ ಇರಲಿ, ನಿನ್ನೆಯಷ್ಟೇ ವಿಮಾನ ಇಳಿದ ಗಾರೆಯವನಿರಲಿ, "ಗದ್ದ ಸ್ವಲ್ಪ ಮೇಲೆ" ಎನ್ನುತ್ತಿದ್ದ. ಹೇಳಿದ್ದು ಸಾಲದೆಂದು ತಾನೇ ಎದ್ದು ಹೋಗಿ, ಎರಡು ಬೆರಳಿನಲ್ಲಿ ಎತ್ತಿ ಸರಿಮಾಡಿ ಬರುತ್ತಿದ್ದ. ದೋಹಾದ ಅಲ್ ಮನ್ಸೂರಾದಲ್ಲಿ, ಎರಡು ಮನಿ ಎಕ್ಸ್‌ಚೇಂಜ್‌ಗಳ ನಡುವೆ ಉಸಿರು ಬಿಗಿಹಿಡಿದು ನಿಂತಂತಿದ್ದ ಆ ಸ್ಟುಡಿಯೋದ ವ್ಯಾಪಾರವೆಲ್ಲ ಪಾಸ್‌ಪೋರ್ಟ್ ಸೈಜಿನದು. ದೇಜಪ್ಪ ಮಾತ್ರ ತನ್ನನ್ನು ಆ ಸೈಜಿನವನೆಂದು ಎಣಿಸಿರಲಿಲ್ಲ. ಅವನ ವಿಸಿಟಿಂಗ್ ಕಾರ್ಡಿನ ಮೇಲೆ 'ಛಾಯಾಚಿತ್ರ ಕಲಾವಿದ' ಎಂದು ಕನ್ನಡದಲ್ಲಿ ಅಚ್ಚಾಗಿತ್ತು. ಹಿಂಬದಿಯಲ್ಲಿ ಅರಬಿಯಲ್ಲಿಯೂ ಏನೋ ಇತ್ತು. ಓದಲು ಬಲ್ಲವರು ಅದು 'ಫೋಟೊ, ಫೋಟೊಕಾಪಿ, ಲ್ಯಾಮಿನೇಷನ್' ಎಂದು ಹೇಳುತ್ತಿದ್ದರು. ದೇಜಪ್ಪ ಅರಬಿ ಬಾರದ್ದಕ್ಕೆ ಸಂತೋಷಪಟ್ಟ ಏಕೈಕ ಸಂದರ್ಭ ಅದು.

ಮುಲ್ಕಿಯ ಕಡೆಯಿಂದ ಬಂದು ದೋಹಾದಲ್ಲಿ ತಲೆಗೂದಲು ಕಳೆದುಕೊಂಡ ಈ ಮನುಷ್ಯ ದೋಹಾ ಕನ್ನಡಿಗರ ಸ್ನೇಹಕೂಟದ ಖಾಯಂ ಫೋಟೊಗ್ರಾಫರನೂ ಆಗಿದ್ದ. ಸ್ನೇಹಕೂಟದಲ್ಲಿ ಹಾಡು ಇಲ್ಲದ ಕಾರ್ಯಕ್ರಮ ನಡೆದದ್ದುಂಟು, ಊಟ ತಡವಾದ ಕಾರ್ಯಕ್ರಮಗಳಂತೂ ಎಲ್ಲವೂ. ಆದರೆ ಸನ್ಮಾನವಿಲ್ಲದ ಕಾರ್ಯಕ್ರಮ ನಡೆದದ್ದಿಲ್ಲ. ಊರಿನಿಂದ ಬಂದವರಿಗೆ ಬಂದದ್ದಕ್ಕೆ ಸನ್ಮಾನ, ಊರಿಗೆ ಹೋಗುವವರಿಗೆ ಹೋಗುವುದಕ್ಕೆ ಸನ್ಮಾನ. ಇಲ್ಲೇ ಇರುವವರಿಗೆ ಸರದಿಯಲ್ಲಿ. ಪೇಟ, ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಇಷ್ಟನ್ನೂ ಹೊತ್ತ ವ್ಯಕ್ತಿ ಸೇಬು ಕಿತ್ತಳೆಗಳ ಹಿಂದಿನಿಂದ ಇಣುಕಿ ನೋಡುವಾಗ ದೇಜಪ್ಪ ವೇದಿಕೆಯ ಕೆಳಗೆ ಒಂದು ಮಂಡಿಯೂರಿ ಕುಳಿತು "ಸರ್, ಗದ್ದ" ಎನ್ನುತ್ತಿದ್ದ. ಎಷ್ಟು ಜನರ ಹೆಗಲಿಗೆ ಶಾಲು ಬೀಳುವುದನ್ನು ಅವನು ಆ ಮಂಡಿಯ ಮೇಲೆ ಕುಳಿತು ನೋಡಿದನೋ! ಅವನ ಪ್ಯಾಂಟುಗಳೆಲ್ಲ ಬಲಮಂಡಿಯಲ್ಲಿ ಮೊದಲು ಸವೆಯುತ್ತಿದ್ದವು.

ಅವನ ಹೆಗಲಿಗೆ ಮಾತ್ರ ಒಂದು ಕರವಸ್ತ್ರವೂ ಬಿದ್ದಿರಲಿಲ್ಲ.

ಹೊರಗೆ ಹೇಳಿಕೊಳ್ಳದಿದ್ದರೂ ದೇಜಪ್ಪನ ಮನಸ್ಸಿನಲ್ಲಿದ್ದ ಆಸೆ ಅದೊಂದೇ. ಶಾಲು ಹೊದ್ದು, ಗದ್ದ ಸ್ವಲ್ಪ ಮೇಲೆತ್ತಿ, ವೇದಿಕೆಯ ಮೇಲೆ ನಿಂತ ತನ್ನದೊಂದು ಫೋಟೊ. ಸನ್ಮಾನಕ್ಕಿಂತ ಫೋಟೊ ಮುಖ್ಯ, ಏಕೆಂದರೆ ಫೋಟೊ ಇಲ್ಲದ ಸನ್ಮಾನ ಸನ್ಮಾನವೇ ಅಲ್ಲವೆಂಬುದು ಅವನ ವೃತ್ತಿಯ ಸಿದ್ಧಾಂತ. ಬಿನ್ ಮಹಮೂದ್ ಬಡಾವಣೆಯ ಅವನ ಫ್ಲ್ಯಾಟಿನಲ್ಲಿದ್ದ ದಪ್ಪ ಆಲ್ಬಮ್ಮಿನಲ್ಲಿಯೂ ಅವನಿರಲಿಲ್ಲ. ಕಡಲತೀರದ ಕಾರ್ನಿಶ್ ರಸ್ತೆಯಲ್ಲಿ ಹೆಂಡತಿ, ಒಂಟೆಯ ಪಕ್ಕ ಹೆಂಡತಿ, ಮದುವೆಮನೆಯಲ್ಲಿ ಹೆಂಡತಿ. ಪಕ್ಕದ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೆಲಸ ಮಾಡುತ್ತಿದ್ದ ಆ ಹೆಂಡತಿ ವಾರಿಜಾಕ್ಷಿ ಆಲ್ಬಮ್ ತೆರೆದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಇದನ್ನು ನೋಡಿದವರು ನನಗೆ ಮದುವೆಯೇ ಆಗ್ಲಿಲ್ಲ ಅಂತ ಹೇಳಿಯಾರು."

ಹೀಗಿರುವಾಗ ೨೦೦೩ರ ಮಾರ್ಚ್‌ನಲ್ಲಿ ಇರಾಕಿನ ಯುದ್ಧ ಶುರುವಾಯಿತು.

ಗುಂಡು ಹಾರುತ್ತಿದ್ದದ್ದು ಬಸ್ರಾದಲ್ಲಿ. ಅದರ ಸುದ್ದಿ ಹೊರಡುತ್ತಿದ್ದದ್ದು ದೋಹಾದ ಹೊರವಲಯದ ಅಮೆರಿಕನ್ ಸೇನಾನೆಲೆಯಿಂದ. ಅಲ್ಲಿ ದಿನವೂ ನಡೆಯುವ ಪತ್ರಿಕಾಗೋಷ್ಠಿಗೆಂದು ಪ್ರಪಂಚದ ವರದಿಗಾರರೆಲ್ಲ ಬಂದಿಳಿದರು. ಒಬ್ಬೊಬ್ಬರ ಜಾಕೆಟ್ಟಿಗೂ ಹತ್ತಾರು ಜೇಬು, ಜೇಬು ತುಂಬ ಬ್ಯಾಟರಿ. ಅವರು ಎಸಿ ಹೋಟೆಲಿನಿಂದ ಎಸಿ ಬಸ್ಸಿನಲ್ಲಿ ನೆಲೆಗೆ ಹೋಗಿ, ಗೋಡೆಯ ಮೇಲಿನ ನಕ್ಷೆ ನೋಡಿ, ಅದೇ ಬಸ್ಸಿನಲ್ಲಿ ವಾಪಸ್ಸು ಬಂದು ರಣರಂಗದ ವರ್ಣನೆ ಬರೆಯುತ್ತಿದ್ದರು. ಅವರಲ್ಲಿ ಕೆಲವರಿಗೆ ಪಾಸಿಗೋ ಕುವೈತಿನ ವೀಸಾಕ್ಕೋ ಫೋಟೊ ಬೇಕಾಗಿ ದೇಜಪ್ಪನ ಸ್ಟೂಲಿನ ಮೇಲೆ ಕುಳಿತರು. ದೇಜಪ್ಪ ಅವರ ಗದ್ದಗಳನ್ನೂ ಎತ್ತಿದ. ಸಂಜೆ ಮನೆಗೆ ಬಂದು, ಈ ಯುದ್ಧಕ್ಕೆ ಹೋಗುವವರೆಲ್ಲ ತನ್ನ ಕೈಯಿಂದಲೇ ದಾಟಿ ಹೋಗಬೇಕಾಗಿದೆ ಎಂದು ಹೆಂಡತಿಗೆ ತಿಳಿಸಿದ. ಅವಳು ಬಟಾಣಿ ಸುಲಿಯುತ್ತ, ಹಾಗಾದರೆ ಬೇಗ ಮುಗಿಸಲು ಹೇಳಿ ಎಂದಳು.

ಆ ತಿಂಗಳ ಕೊನೆಯ ವಾರ ಒಂದು ದಿನ, ನೆಲೆಯ ಗೇಟಿನಲ್ಲಿ ಯಾರಿಗೋ ಪ್ರಿಂಟ್ ಕೊಟ್ಟು ದೇಜಪ್ಪ ಸ್ಟುಡಿಯೋದ ಪಿಕಪ್‌ನಲ್ಲಿ ಇಂಡಸ್ಟ್ರಿಯಲ್ ಏರಿಯಾದ ಮೂಲಕ ವಾಪಸ್ಸು ಬರುತ್ತಿದ್ದ. ದೂಳುಗಾಳಿ ಎದ್ದಿತು. ಹಗಲೇ ಕತ್ತಲಾಗಿ, ಎದುರಿನ ಲಾರಿಯ ಲೈಟು ಅಡಿಕೆಯಷ್ಟು ಕಾಣುತ್ತಿತ್ತು. ಟಯರ್ ಅಂಗಡಿಗಳ ಸಾಲಿನಲ್ಲಿ ಯಾವುದೋ ವೆಲ್ಡಿಂಗಿನ ಕಿಡಿ ಹಾರಿ ಹಳೆಯ ಟಯರ್ ರಾಶಿಗೆ ಬೆಂಕಿ ಹತ್ತಿತ್ತು. ಜನ ನೀರಿಗಾಗಿ ಕೂಗುತ್ತಿದ್ದರು. ಅಲ್ಲಿದ್ದ ಒಂದೇ ಒಂದು ಟ್ಯಾಂಕರಿನಲ್ಲಿ ಇದ್ದದ್ದು ನೀರೇ, ಆದರೆ ಲೇಬರ್ ಕ್ಯಾಂಪುಗಳ ಸೆಪ್ಟಿಕ್ ಟ್ಯಾಂಕುಗಳಿಂದ ಹೀರಿಕೊಂಡು ಬಂದ ನೀರು.

ಟ್ಯಾಂಕರಿನ ಡ್ರೈವರ್ ಹೆಚ್ಚು ಯೋಚನೆ ಮಾಡುವ ಜಾತಿಯವನಲ್ಲ. ಪೈಪು ಬೆಂಕಿಯತ್ತ ತಿರುಗಿಸಿ, ಪಂಪನ್ನು ಉಲ್ಟಾ ಹಾಕಿ, ವಾಲ್ವ್ ತೆರೆದುಬಿಟ್ಟ. ಪೈಪನ್ನು ಹಿಡಿದುಕೊಳ್ಳಬೇಕೆಂಬುದು ಅವನಿಗೆ ಆಮೇಲೆ ಹೊಳೆಯಿತು. ಆನೆಯ ಸೊಂಡಿಲಿನಂತೆ ಪೈಪು ಮೇಲೆದ್ದು, ಬೆಂಕಿಯ ಮೇಲೂ ಅಂಗಡಿಗಳ ಮೇಲೂ ಸಹಾಯಕ್ಕೆ ಬಂದವರ ಮೇಲೂ ಭೇದಭಾವವಿಲ್ಲದೆ ಸುರಿಯಿತು. ಬೆಂಕಿಗೆ ಹೆದರದೆ ನಿಂತಿದ್ದ ಜನ ಈಗ ಮೂಗಿಗೆ ಬಟ್ಟೆ ಒತ್ತಿಕೊಂಡು ದಿಕ್ಕಾಪಾಲಾಗಿ ಓಡಿದರು. ಎಲ್ಲರಿಗಿಂತ ಮುಂದೆ, ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಮುಖಕ್ಕೆ ಸುತ್ತಿಕೊಂಡು ಓಡಿದವನು ಡ್ರೈವರ್. ದೇಜಪ್ಪ ಪಿಕಪ್ಪಿನ ಕಿಟಕಿ ಒಂದು ಗೇಣು ಇಳಿಸಿ, ಕ್ಲಿಕ್ಕಿಸಿ, ಮತ್ತೆ ಏರಿಸಿದ. ಇದಿಷ್ಟು ಅವನ ರಣರಂಗದ ಅನುಭವ.

ರೋಲ್ ತೊಳೆದಾಗ ದೇಜಪ್ಪನಿಗೇ ಮೈ ಜುಮ್ಮೆಂದಿತು. ದೂಳಿನಲ್ಲಿ ಅರ್ಧ ಮುಳುಗಿದ ಭಾರೀ ವಾಹನ, ಅದರ ನೆತ್ತಿಯಿಂದ ಆಕಾಶಕ್ಕೆ ನಿಗುರಿದ ಕೊಳವೆ, ಕೊಳವೆಯ ಬಾಯಲ್ಲಿ ಹೊಗೆಯಂಥದ್ದು, ಹಿಂದೆ ಕಪ್ಪು ಹೊಗೆಯ ಗೋಡೆ, ಮುಂದೆ ಜೀವ ಕೈಯಲ್ಲಿ ಹಿಡಿದು ಓಡುವ ಜನ. ಟ್ಯಾಂಕರಿನ ಬಣ್ಣ ಮಾತ್ರ ಢಾಳಾದ ಹಳದಿ. ಯುದ್ಧದ ಗಾಂಭೀರ್ಯಕ್ಕೆ ಬಣ್ಣ ಒಗ್ಗುವುದಿಲ್ಲವೆಂದು ದೇಜಪ್ಪ ಅದನ್ನು ಕಪ್ಪು ಬಿಳುಪಿನಲ್ಲಿ ಬಾಗಿಲಿನಷ್ಟು ದೊಡ್ಡದಾಗಿ ಮಾಡಿಸಿ ಸ್ಟುಡಿಯೋದ ಗಾಜಿನಲ್ಲಿ ತೂಗುಹಾಕಿದ. ಕೆಳಗೆ 'ಮಾರ್ಚ್ ೨೦೦೩' ಎಂದಷ್ಟೇ ಬರೆದ. ಇದು ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ.

ಸುಳ್ಳನ್ನು ಅವನು ಮುಂದೆಯೂ ಹೇಳಲಿಲ್ಲ. ಜನ ಬಂದು, ಇದು ಬಸ್ರಾವೋ ಬಾಗ್ದಾದೋ, ಅಷ್ಟು ಹತ್ತಿರ ಹೇಗೆ ಹೋದಿರಿ ಎಂದು ಕೇಳಿದರೆ ಕನ್ನಡಕ ತೆಗೆದು ಒರೆಸಿಕೊಂಡು, "ಆ ದಿನದ ವಿಷಯ ಮಾತಾಡುವುದು ಬೇಡ" ಎನ್ನುತ್ತಿದ್ದ. ಉಳಿದದ್ದನ್ನು ಜನರೇ ಮಾತಾಡಿದರು. ಒಂದೆರಡು ತಿಂಗಳಲ್ಲಿ ದೇಜಪ್ಪ ಸೇನೆಯ ಜೀಪಿನಲ್ಲಿ ಹೋಗಿದ್ದ. ಮಳೆಗಾಲ ಊರಿನಲ್ಲಿ ಶುರುವಾಗುವ ಹೊತ್ತಿಗೆ ಅವನ ಕಿವಿಯ ಪಕ್ಕದಲ್ಲಿ ಗುಂಡು ಹಾದುಹೋಗಿತ್ತು. ರಜೆ ಮುಗಿಸಿ ಬಂದವರು ಆ ಗುಂಡನ್ನು ಊರಿನಲ್ಲಿಯೂ ಕೇಳಿ ಬಂದರು.

ಹೊರಗಿನವರಲ್ಲಿ ಇದನ್ನು ನಂಬದವನು ಒಬ್ಬನೇ. ಏಪ್ರಿಲ್ ಕೊನೆಗೆ ನರೆತ ಗಡ್ಡದ ವಿದೇಶೀಯನೊಬ್ಬ ವೀಸಾ ಫೋಟೊಕ್ಕೆ ಬಂದ. ಜಾಕೆಟ್ಟಿಗೆ ಎರಡೇ ಜೇಬು, ಒಂದು ಹರಿದಿತ್ತು. ಬಿಸಿಲಿಗೆ ತುಟಿಯೆಲ್ಲ ಒಡೆದಿತ್ತು. ಕ್ಯಾಮರಾ ಇಟ್ಟುಕೊಂಡು ಬಸ್ರಾದಲ್ಲಿ ಸೈನಿಕರ ಜೊತೆ ನಡೆದು ಬಂದವನಂತೆ. ದೇಜಪ್ಪ ಗದ್ದ ಎತ್ತಿದರೆ ಅದು ಮತ್ತೆ ಮತ್ತೆ ಕೆಳಗಿಳಿಯುತ್ತಿತ್ತು. ಕೊನೆಗೆ ಇದ್ದ ಹಾಗೆಯೇ ತೆಗೆದ. ಹೋಗುವಾಗ ಆತ ಗಾಜಿನ ಮುಂದೆ ನಿಂತು ಚಿತ್ರವನ್ನು ಬಹಳ ಹೊತ್ತು ನೋಡಿದ. ಒಳ್ಳೆಯ ಚಿತ್ರ, ಇದರಲ್ಲಿ ಯಾರೂ ಸತ್ತಿಲ್ಲ ಎಂದ. ಹೇಗೆ ಗೊತ್ತಾಯಿತೆಂದು ದೇಜಪ್ಪ ತನ್ನ ಅರೆಬರೆ ಇಂಗ್ಲಿಷಿನಲ್ಲಿ ಕೇಳಿದ. ಎಲ್ಲರೂ ಮೂಗು ಮುಚ್ಚಿಕೊಂಡಿದ್ದಾರಲ್ಲ, ಅಲ್ಲಿ ಯಾರೂ ಮೂಗು ಮುಚ್ಚುವುದಿಲ್ಲ, ತಲೆ ಮುಚ್ಚಿಕೊಳ್ಳುತ್ತಾರೆ ಎಂದು ಆತ ತನ್ನ ಎರಡೂ ಕೈ ನೆತ್ತಿಯ ಮೇಲಿಟ್ಟು ತೋರಿಸಿದ. ಅಪಹಾಸ್ಯವಿರಲಿಲ್ಲ. ಇಂಥದ್ದೇ ಇನ್ನಷ್ಟು ತೆಗೆ ಎಂದು ಭುಜ ತಟ್ಟಿ ಹೋದ. ದೇಜಪ್ಪ ಆ ಸಂಜೆ ಚಿತ್ರವನ್ನು ಗಾಜಿನಿಂದ ಇಳಿಸಿದ. ಮರುದಿನ ಬೆಳಿಗ್ಗೆ ಮೂವರು ಬಂದು ಯುದ್ಧದ ಫೋಟೊ ಎಲ್ಲಿ ಎಂದು ಕೇಳಿದ್ದರಿಂದ ಮತ್ತೆ ಏರಿಸಿದ.

ಅಕ್ಟೋಬರಿನಲ್ಲಿ ಸ್ನೇಹಕೂಟದ ಕಾರ್ಯದರ್ಶಿ ಆನ್ಸೆಲ್ಮ್ ಸ್ಟುಡಿಯೋಕ್ಕೆ ಬಂದರು. ಶಿರ್ವದ ಕಡೆಯವರು, ವಿಮಾ ಕಚೇರಿಯೊಂದರಲ್ಲಿ ಗುಮಾಸ್ತರು. ಚಹಾ ಬೇಕೆಂಬುದನ್ನೂ ವೇದಿಕೆಯ ಮೇಲಿಂದ ಘೋಷಿಸುವವರಂತೆ ಹೇಳುವುದು ಅವರ ರೂಢಿ. ಈ ಸಲದ ರಾಜ್ಯೋತ್ಸವದಲ್ಲಿ ದೇಜಪ್ಪನಿಗೇ ಸನ್ಮಾನವೆಂದು ಸಮಿತಿ ತೀರ್ಮಾನಿಸಿದೆ, ಬಿರುದು 'ರಣಛಾಯಾರತ್ನ', ವೇದಿಕೆಯ ಹಿಂದೆ ಆ ಫೋಟೊವೇ ಫ್ಲೆಕ್ಸ್ ಆಗಿ ಬರಬೇಕು ಎಂದರು.

ದೇಜಪ್ಪನ ನಾಲಿಗೆ ನಿಜ ಹೇಳಲು ಹೊರಟದ್ದು ಹೌದು. "ಪೊರ್ಬುಗಳೇ, ಅದು..." ಎಂದು, ಊರಿನಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ಮರ್ಯಾದೆಯಲ್ಲಿ ಶುರುಮಾಡಿದ.

"ಗೊತ್ತುಂಟು," ಎಂದರು ಆನ್ಸೆಲ್ಮ್, ಕೈ ಎತ್ತಿ ತಡೆದು. "ಆ ದಿನದ ವಿಷಯ ಮಾತಾಡುವುದು ಬೇಡ. ನಾವು ಮಾತಾಡ್ತೇವೆ. ನೀವು ಶಾಲು ಹಾಕಿಸಿಕೊಂಡ್ರೆ ಸಾಕು."

ಶಾಲು ಎಂಬ ಶಬ್ದ ಕಿವಿಗೆ ಬಿದ್ದದ್ದೇ ನಿಜ ಎಂಬುದು ಗಂಟಲಿನಿಂದ ಹೊಟ್ಟೆಗೆ ವಾಪಸ್ಸು ಹೋಯಿತು.

ಮನೆಯಲ್ಲಿ ವಾರಿಜಾಕ್ಷಿಗೆ ಹೇಳಿದಾಗ ಅವಳು ಕೇಳಿದಳು: "ನೀವು ಹೋದದ್ದು ಟಯರ್ ಅಂಗಡಿಗೆ ಅಲ್ವಾ?"

"ಹಾಗೆ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ."

"ಆಯ್ತು. ಶಾಲು ಹಾಕುವಾಗ ಫೋಟೊ ಯಾರು ತೆಗೆಯುವುದು?"

ಇದು ದೇಜಪ್ಪನಿಗೆ ಹೊಳೆದಿರಲಿಲ್ಲ. ದೋಹಾದಲ್ಲಿ ಸನ್ಮಾನದ ಫೋಟೊ ತೆಗೆಯಲು ಬರುವ ಏಕೈಕ ಮನುಷ್ಯ ಅಂದು ವೇದಿಕೆಯ ಮೇಲಿರುತ್ತಾನೆ. ಬೇರೆ ಸ್ಟುಡಿಯೋದವರನ್ನು ಕರೆದರೆ ಅವರು ಮುಖ್ಯ ಅತಿಥಿಯ ಬೆನ್ನು ತೆಗೆದು ಕೊಡುತ್ತಾರೆ. ಹಾಗಾಗಿ ವಾರಿಜಾಕ್ಷಿಗೇ ತರಬೇತಿ ಶುರುವಾಯಿತು. ಕ್ಲಿನಿಕ್ಕಿನಿಂದ ಬಂದ ಕೂಡಲೇ ಅವಳ ಕೈಗೆ ಕ್ಯಾಮರಾ ಕೊಟ್ಟು, ಸ್ನಾನದ ಟವೆಲನ್ನು ತಾನೇ ಹೆಗಲಿಗೆ ಹಾಕಿಕೊಂಡು, ಹಣ್ಣಿನ ಬುಟ್ಟಿಯ ಬದಲು ಒಂದು ಎಲೆಕೋಸನ್ನು ಎದೆಗೆ ಅಪ್ಪಿ ದೇಜಪ್ಪ ಸೋಫಾದ ಮುಂದೆ ನಿಲ್ಲುತ್ತಿದ್ದ.

"ಶಾಲು ಹೆಗಲಿಗೆ ಬಿದ್ದ ಕೂಡಲೇ ಒತ್ಬೇಕು. ಮೊದಲೂ ಅಲ್ಲ, ಆಮೇಲೂ ಅಲ್ಲ. ಎರಡನೇ ಚಾನ್ಸ್ ಇಲ್ಲ."

"ಅಷ್ಟು ನನಗೆ ಗೊತ್ತಾಯ್ತು. ನೀವು ನಿಂತಲ್ಲಿ ನಿಂತ್ರೆ ಸಾಕು. ಅಲ್ಲಿಂದಲೇ ನನಗೆ ಹೇಳಿಕೊಡ್ಲಿಕ್ಕೆ, ಯಾರದ್ದೋ ಗದ್ದ ಎತ್ತಲಿಕ್ಕೆ ಹೋದ್ರೆ ನಾನು ಜವಾಬ್ದಾರಿ ಅಲ್ಲ."

ತನ್ನ ಗದ್ದದ ಹೊರತು ಅಂದು ಬೇರೆ ಯಾರ ಗದ್ದದ ಗೊಡವೆಯೂ ತನಗಿಲ್ಲವೆಂದು ದೇಜಪ್ಪ ಎಲೆಕೋಸಿನ ಮೇಲೆ ಕೈಯಿಟ್ಟು ಮಾತು ಕೊಟ್ಟ.

ಕಾರ್ಯಕ್ರಮಕ್ಕೆ ಒಂದು ವಾರವಿದೆ ಎನ್ನುವಾಗ ಸ್ಟುಡಿಯೋಕ್ಕೆ ಒಬ್ಬ ಗಿರಾಕಿ ಬಂದ. ಹೆಸರು ಮೊಯ್ದಿನ್, ಉಪ್ಪಿನಂಗಡಿಯ ಬ್ಯಾರಿ, ಪಾಸ್‌ಪೋರ್ಟ್ ನವೀಕರಣಕ್ಕೆ ಫೋಟೊ ಬೇಕು. ಒಳಗೆ ಬರುವ ಬದಲು ಗಾಜಿನ ಎದುರೇ ನಿಂತುಬಿಟ್ಟ. ದೇಜಪ್ಪ ಎಂದಿನಂತೆ ಕನ್ನಡಕ ತೆಗೆಯಲು ಕೈ ಎತ್ತುವಷ್ಟರಲ್ಲಿ ಮೊಯ್ದಿನ್ ಖುಷಿಯಿಂದ ಹೇಳಿದ:

"ಇದು ನನ್ನ ಗಾಡಿ ಅಲ್ವಾ ಅಣ್ಣಾ? ಇಲ್ಲಿ ನೋಡಿ, ಬಾಗಿಲಿಗೆ ಬಿದ್ದ ನೆಗ್ಗು. ಈ ಓಡುವುದು ನಾನು."

ದೇಜಪ್ಪ ಅವನ ರಟ್ಟೆ ಹಿಡಿದು ಒಳಗೆಳೆದು ಬಾಗಿಲು ಹಾಕಿದ. ಮೊಯ್ದಿನ್‌ಗೆ ಸಿಟ್ಟಿಲ್ಲ, ಸಂಕೋಚವಿಲ್ಲ. ಇಷ್ಟು ವರ್ಷ ಗಲ್ಫಿನಲ್ಲಿದ್ದರೂ ಕೆಲಸ ಮಾಡುತ್ತಿರುವ ತನ್ನದೊಂದು ಫೋಟೊ ಮನೆಯಲ್ಲಿಲ್ಲ, ಒಂದು ಪ್ರತಿ ಸಿಕ್ಕಿದರೆ ಕಳಿಸಬಹುದಿತ್ತು ಎಂದು ಕೇಳಿದ. ದೇಜಪ್ಪ ಪ್ರತಿ ಕೊಟ್ಟ. ಚಹಾ ತರಿಸಿಕೊಟ್ಟ. ಪಾಸ್‌ಪೋರ್ಟ್ ಫೋಟೊವನ್ನು, ಗದ್ದ ಎರಡೆರಡು ಸಲ ಎತ್ತಿ, ಉಚಿತವಾಗಿ ತೆಗೆದುಕೊಟ್ಟ. ಆಮೇಲೆ ಮೆತ್ತಗೆ, ಈ ಟ್ಯಾಂಕರಿನ ಸಂಗತಿ ಯಾರಿಗೂ ತಿಳಿಯಬಾರದೆಂದು ಕೇಳಿಕೊಂಡ. ಕಾರಣ ಹೇಳಲಿಲ್ಲ. ಮೊಯ್ದಿನ್ ಕಾರಣ ಕೇಳುವವನೂ ಅಲ್ಲ.

"ಖಲಾಸ್, ದೇಜಣ್ಣ. ನಿಮ್ಮನ್ನು ನೋಡಿದ್ದೇ ಇಲ್ಲ ಅಂತ ಇರ್ತೇನೆ."

ರಾಜ್ಯೋತ್ಸವ ನಡೆದದ್ದು ಒಂದು ಶುಕ್ರವಾರ, ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ. ದೇಜಪ್ಪ ಮದುವೆಯ ಕೋಟು ಹಾಕಿದ್ದ. ಗುಂಡಿ ಕಷ್ಟದಲ್ಲಿ ಸೇರಿದ್ದರಿಂದ ಉಸಿರನ್ನು ಅರ್ಧರ್ಧವೇ ಎಳೆದುಕೊಳ್ಳುತ್ತಿದ್ದ. ವೇದಿಕೆಯ ಹಿಂದೆ ಗೋಡೆಯಿಂದ ಗೋಡೆಗೆ ಫ್ಲೆಕ್ಸ್. ಮೊಯ್ದಿನ್‌ನ ಟ್ಯಾಂಕರ್ ಈಗ ನಿಜವಾದ ಟ್ಯಾಂಕರಿನಷ್ಟೇ ದೊಡ್ಡದಾಗಿ ನಿಂತಿತ್ತು. ಸ್ವಾಗತಗೀತೆ, ನಾಡಗೀತೆ, ಸ್ವಾಗತ ಭಾಷಣ, ಅದಕ್ಕಿಂತ ಉದ್ದದ ಪ್ರಾಸ್ತಾವಿಕ ಭಾಷಣ ಎಲ್ಲ ಮುಗಿಯುವ ಹೊತ್ತಿಗೆ ಹಿಂಬದಿಯ ಶೌಚಾಲಯಗಳು ಕೈಚೆಲ್ಲಿದವು. ಐನೂರು ಜನ ಸೇರುತ್ತಾರೆಂದು ಆನ್ಸೆಲ್ಮ್ ಊಟದವರಿಗೆ ಹೇಳಿದ್ದರು, ಸೆಪ್ಟಿಕ್ ಟ್ಯಾಂಕಿಗೆ ಹೇಳಿರಲಿಲ್ಲ. ಸಭಾಂಗಣದ ಕಾವಲುಗಾರ ಬಂದು ಕಿವಿಯಲ್ಲಿ ಹೇಳಿದ. ಆನ್ಸೆಲ್ಮ್ ಮೈಕಿನ ಹಿಂದಿನಿಂದಲೇ ಕೈಸನ್ನೆ ಮಾಡಿ ಟ್ಯಾಂಕರ್ ಕರೆಸಲು ಅಪ್ಪಣೆ ಕೊಟ್ಟು, ಅಭಿನಂದನಾ ಪತ್ರ ಬಿಡಿಸಿದರು. ಪತ್ರ ಓದದೆ ಶಾಲು ಹಾಕಬಾರದೆಂಬುದು ಅವರ ಕಟ್ಟುನಿಟ್ಟು.

"ಗುಂಡಿನ ಮಳೆಗೆ ಎದೆಯೊಡ್ಡಿ, ಸಿಡಿಮದ್ದಿನ ಹೊಗೆಯಲ್ಲಿ ಕಣ್ಣು ತೆರೆದು..." ಎಂದು ಅವರ ಕಂಠ ಮೊಳಗತೊಡಗಿತು. ಪೇಟ ಧರಿಸಿದ ದೇಜಪ್ಪ ಗದ್ದ ಮೇಲೆತ್ತಿ ಕುಳಿತಿದ್ದ. ಕೆಳಗೆ ವಾರಿಜಾಕ್ಷಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಮಂಡಿಯೂರಿ, ಕ್ಯಾಮರಾ ಹಿಡಿದು ಸಿದ್ಧಳಾಗಿದ್ದಳು. ಗಾಳಿಗೆಂದು ತೆರೆದಿಟ್ಟ ಪಕ್ಕದ ದೊಡ್ಡ ಬಾಗಿಲಿನ ಹೊರಗೆ ಯಾವುದೋ ಭಾರೀ ಗಾಡಿ ಹಿಂದಕ್ಕೆ ಬರುವ ಕೀಂಕೀಂ ಕೇಳಿಸಿತು. ಅಂಗಳದ ದೀಪದ ಬೆಳಕಿನಲ್ಲಿ ಢಾಳಾದ ಹಳದಿ ಕಾಣಿಸಿತು. ಗಾಡಿಯ ಬಾಗಿಲಿನಲ್ಲಿ ಅದೇ ನೆಗ್ಗು.

ದೇಜಪ್ಪ ಎಳೆದುಕೊಂಡಿದ್ದ ಅರ್ಧ ಉಸಿರೂ ನಿಂತಿತು.

ಮೊಯ್ದಿನ್ ಇಳಿದು, ಗಾಡಿಯ ನೆತ್ತಿಯ ಮೇಲಿನ ಪೈಪಿನ ಕಟ್ಟು ಬಿಚ್ಚಿ, ಒಳಗಿನ ಗದ್ದಲವೇನೆಂದು ಸಹಜವಾಗಿ ಇಣುಕಿದ. ಮೊದಲು ಫ್ಲೆಕ್ಸ್ ಕಂಡಿತು. ಅವನ ಮುಖ ಅರಳಿತು. ಆಮೇಲೆ ಫ್ಲೆಕ್ಸಿನ ಕೆಳಗೆ ಪೇಟ ತೊಟ್ಟ ದೇಜಪ್ಪ ಕಂಡ. ಕೊಟ್ಟ ಮಾತು ನೆನಪಾಯಿತು. ಗಾಬರಿಯಾಗಿ, ಯಾರಿಗೂ ಗುರುತು ಸಿಗದಿರಲೆಂದು ಹೆಗಲ ಬೈರಾಸನ್ನು ಸರಕ್ಕನೆ ಮುಖಕ್ಕೆ ಸುತ್ತಿಕೊಂಡು ಓಡಿದ. ಅವನು ಬಿಟ್ಟ ಪೈಪು ನೆತ್ತಿಯ ಕೊಂಡಿಗೆ ಸಿಕ್ಕಿ ಆಕಾಶಕ್ಕೆ ಮುಖಮಾಡಿ ನಿಂತಿತು. ಅಷ್ಟರಲ್ಲಿ ಮುಚ್ಚಳ ತೆರೆದ ಶೌಚಗುಂಡಿಯ ವಾಸನೆ ಒಳಗೆ ತಲುಪಿ, ಬಾಗಿಲ ಬಳಿಯ ಸಾಲಿನವರು ಮೂಗಿಗೆ ಕರವಸ್ತ್ರ, ಸೆರಗು ಒತ್ತಿಕೊಂಡು ಎದ್ದು ಓಡತೊಡಗಿದರು.

ವೇದಿಕೆಯ ಮೇಲೆ ಕಪ್ಪು ಬಿಳುಪಿನಲ್ಲಿ ಇದ್ದದ್ದೇ ಬಾಗಿಲಿನಲ್ಲಿ ಬಣ್ಣದಲ್ಲಿ ಇತ್ತು. ಸಭೆ ಒಮ್ಮೆ ಅತ್ತ ನೋಡಿತು, ಒಮ್ಮೆ ಇತ್ತ. ಮುಂದಿನ ಸಾಲಿನಲ್ಲಿದ್ದ ಟೀಚರ್ ವಿಲ್ಮಾ ಬಾಯಿಯವರು ಮೊದಲು ಕಿಸಕ್ಕೆಂದರು.

ಆನ್ಸೆಲ್ಮ್ ಕಾರ್ಯಕ್ರಮ ಕೆಡಲು ಬಿಡುವವರಲ್ಲ. ಏನೂ ಆಗಿಲ್ಲ, ಎಲ್ಲರೂ ಕುಳಿತುಕೊಳ್ಳಬೇಕು ಎಂದು ಘೋಷಿಸಿ, ಕಾವಲುಗಾರನತ್ತ ತಿರುಗಿ ಅರಬಿಯಲ್ಲಿ ಅವಸರಪಡಿಸಿ ಗುಡುಗಿದರು: "ಯಲ್ಲಾ, ಯಲ್ಲಾ! ಅವನನ್ನು ಓಡಿಸು. ಗಾಡಿ ಸಮೇತ ಓಡಿಸು."

ಕಾವಲುಗಾರ ಮೊಯ್ದಿನ್‌ನ ಕಾಲರ್ ಹಿಡಿದ. ಮೊಯ್ದಿನ್ ತನ್ನನ್ನು ಬಿಡಿಸಿಕೊಳ್ಳುವ ಬದಲು ಎರಡೂ ಕೈಯಲ್ಲಿ ಬೈರಾಸನ್ನೇ ಮುಖಕ್ಕೆ ಒತ್ತಿ ಹಿಡಿದುಕೊಂಡಿದ್ದ.

ಆನ್ಸೆಲ್ಮರ ಇನ್ನೊಂದು ಕೈಯಲ್ಲಿ ಶಾಲು ಬಿಚ್ಚಿ ಸಿದ್ಧವಾಗಿತ್ತು. ಜರಿಯಂಚಿನ ಮೈಸೂರು ಶಾಲು. ಒಂದು ನಿಮಿಷ ಬಾಯಿ ಮುಚ್ಚಿ ಕುಳಿತರೆ ಅದು ಹೆಗಲಿಗೆ ಬೀಳುತ್ತಿತ್ತು, ವಾರಿಜಾಕ್ಷಿ ಒತ್ತುತ್ತಿದ್ದಳು, ಕೆಲಸ ಮುಗಿಯುತ್ತಿತ್ತು. ದೇಜಪ್ಪ ಶಾಲನ್ನು ನೋಡಿದ. ಬಾಗಿಲನ್ನು ನೋಡಿದ. ಆ ಬೈರಾಸು ಮುಚ್ಚಿದ್ದು ಯಾರ ಮಾನವನ್ನು ಎಂಬುದು ಇಡೀ ಸಭೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಎದ್ದು ಮೈಕಿನ ಮುಂದೆ ಬಂದ. ಕೋಟಿನ ಗುಂಡಿ ಕಿತ್ತು ಎಲ್ಲೋ ಉರುಳಿತು.

"ಪೊರ್ಬುಗಳೇ, ಅವನನ್ನು ಓಡಿಸಬೇಡಿ. ಈ ಫೋಟೊದಲ್ಲಿ ಓಡುವುದು ಅವನೇ."

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಟಯರ್ ರಾಶಿ, ವೆಲ್ಡಿಂಗಿನ ಕಿಡಿ, ಉಲ್ಟಾ ಹಾಕಿದ ಪಂಪು, ಆರಿದ ಬೆಂಕಿ, ಗೇಣಗಲ ಇಳಿಸಿದ ಪಿಕಪ್ ಕಿಟಕಿ. ಯುದ್ಧದಿಂದ ಬಂದವನೊಬ್ಬ ತನಗೆ ಹೇಳಿದ್ದನ್ನೂ ಹೇಳಿದ. "ಸರಿಯಾಗಿ ನೋಡಿ, ಎಲ್ಲರೂ ಮೂಗು ಮುಚ್ಚಿದ್ದಾರೆ. ಅಲ್ಲಿ ತಲೆ ಮುಚ್ಚಿಕೊಳ್ತಾರಂತೆ. ಅಲ್ಲಿಗೆ ನಾನು ಹೋಗ್ಲಿಲ್ಲ. ಹೋಗುವ ಧೈರ್ಯವೂ ಇರ್ಲಿಲ್ಲ."

ಸಭೆ ಫ್ಲೆಕ್ಸನ್ನು ನೋಡಿತು. ಹೌದು, ಮೂಗು. ಇಷ್ಟು ತಿಂಗಳು ಊರೆಲ್ಲ ನೋಡಿದ ಚಿತ್ರದಲ್ಲಿ ಎಲ್ಲರ ಕೈಯೂ ಮೂಗಿನ ಮೇಲೆಯೇ ಇತ್ತು. ಮೊದಲು ಒಂದು ಮೂಲೆಯಲ್ಲಿ ಎದ್ದ ನಗು ಕುರ್ಚಿಗಳನ್ನು ದಾಟಿ ಹರಡಿತು. ಮುಖ್ಯ ಅತಿಥಿಗಳೂ ಕರವಸ್ತ್ರದೊಳಗೆ ನಕ್ಕರು. ನಗು ನಿಲ್ಲುವಷ್ಟರಲ್ಲಿ ಯಾರೋ ಚಪ್ಪಾಳೆ ಹೊಡೆದರು. ಅದು ಯಾರಿಗೆ ಎಂಬುದು ಸ್ಪಷ್ಟವಿರಲಿಲ್ಲವಾದರೂ ಎಲ್ಲರೂ ಸೇರಿಕೊಂಡರು.

ಆನ್ಸೆಲ್ಮ್ ಮಾತ್ರ ಬಿಚ್ಚಿದ ಶಾಲು ಹಿಡಿದು ಧರ್ಮಸಂಕಟದಲ್ಲಿ ನಿಂತಿದ್ದರು. ಬಿಚ್ಚಿದ ಶಾಲನ್ನು ಹೊದಿಸದೆ ಮಡಚಿದ ಇತಿಹಾಸ ಸ್ನೇಹಕೂಟಕ್ಕೆ ಇರಲಿಲ್ಲ. ಕಾರ್ಯಕ್ರಮದಲ್ಲಿ ಸನ್ಮಾನ ಇದೆ ಎಂದ ಮೇಲೆ ಸನ್ಮಾನ ಆಗಲೇಬೇಕು, ಬೆಂಕಿ ಆರಿಸಿದ್ದಂತೂ ನಿಜವಷ್ಟೇ ಎಂದು ಅವರು ಮೈಕಿನಲ್ಲಿಯೇ ತಮ್ಮೊಂದಿಗೆ ಚರ್ಚಿಸಿ, ಮೊಯ್ದಿನ್‌ನನ್ನು ವೇದಿಕೆಗೆ ಕರೆದರು. ಕೆಲಸದ ನೀಲಿ ಡಾಂಗ್ರಿ ಉಡುಪಿನಲ್ಲಿ ಅವನು ಮೆಟ್ಟಿಲು ಹತ್ತುತ್ತಿದ್ದಂತೆ ಮುಖ್ಯ ಅತಿಥಿಗಳು ಫೋನ್ ಬಂತೆಂದು ಪರದೆಯ ಹಿಂದೆ ಹೋದರು. ಮನುಷ್ಯರು ಇಬ್ಬರು, ಶಾಲು ಒಂದು. ಆನ್ಸೆಲ್ಮ್ ಇಬ್ಬರನ್ನೂ ಒತ್ತಿ ನಿಲ್ಲಿಸಿ, ಉಸಿರು ಕಟ್ಟಿ, ಅದನ್ನು ಇಬ್ಬರ ಹೆಗಲಿಗೂ ಸೇರಿಸಿ ಹೊದಿಸಿದರು.

ಶಾಲು ಹೆಗಲಿಗೆ ಬಿದ್ದ ಕೂಡಲೇ ವಾರಿಜಾಕ್ಷಿ ಒತ್ತಿದಳು. ಮೊದಲೂ ಅಲ್ಲ, ಆಮೇಲೂ ಅಲ್ಲ.

ಮೊಯ್ದಿನ್ ಆ ಯುದ್ಧದ ಫೋಟೊದ ಪ್ರತಿಯನ್ನು ಮನೆಗೆ ಕಳಿಸಿದನಂತೆ. ಮನೆಯವರು ಗಾಬರಿಯಾಗಿ ಫೋನ್ ಮಾಡಿ, ನೀನಿರುವುದು ಎಲ್ಲಿ, ಯುದ್ಧದಲ್ಲಾ ಎಂದು ಕೇಳಿದರೆ, ಆ ದಿನದ ವಿಷಯ ಮಾತಾಡುವುದು ಬೇಡ ಎಂದನೆಂದು ಅವನೇ ಸ್ಟುಡಿಯೋಕ್ಕೆ ಬಂದು ನಗುತ್ತ ವರದಿ ಒಪ್ಪಿಸಿದ. ಗಾಜಿನಲ್ಲಿ ಚಿತ್ರ ಈಗಲೂ ಇತ್ತು, ಹೊಸದಾಗಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿದ್ದು. ಟ್ಯಾಂಕರ್ ಹಳದಿಯಾಗಿ ಹೊಳೆಯುತ್ತಿತ್ತು. ಅದನ್ನು ನೋಡಲು ಮೊದಲಿಗಿಂತ ಹೆಚ್ಚು ಜನ ಬರುತ್ತಿದ್ದರು. ದೇಜಪ್ಪ ಆ ದಿನದ ವಿಷಯವನ್ನು, ಕೇಳಿದವರಿಗೂ ಕೇಳದವರಿಗೂ, ಅಭಿನಯ ಸಮೇತ ಮಾತಾಡುತ್ತಿದ್ದ.

ಸನ್ಮಾನದ ರೋಲ್ ತೊಳೆದದ್ದು ಮರುದಿನವೇ. ಪ್ರಿಂಟನ್ನು ದೇಜಪ್ಪ ಮನೆಗೆ ತಂದು ಊಟದ ಮೇಜಿನ ಮೇಲಿಟ್ಟ. ವಾರಿಜಾಕ್ಷಿ ಕನ್ನಡಕ ಹಾಕಿಕೊಂಡು ನೋಡಿದಳು. ಬೆಳಕು ಸರಿ, ಅಳತೆ ಸರಿ, ಜರಿಯಂಚಿನ ಒಂದೊಂದು ನೂಲೂ ಕಾಣುತ್ತಿತ್ತು. ಶಾಲಿನ ಬಲಭಾಗದಲ್ಲಿ ಮೊಯ್ದಿನ್, ರಾಜಕುಮಾರನಂತೆ ನೇರ ಮುಖವೆತ್ತಿ ನಿಂತಿದ್ದ. ಅವನ ಗದ್ದದ ಕೆಳಗೆ ಎರಡು ಬೆರಳು. ಶಾಲಿನ ಎಡಭಾಗದಲ್ಲಿ ಪೇಟ ಜಾರಿದ, ಬೋಳಾದ ಒಂದು ಹಿಂದಲೆ.

"ನಾನು ಹೇಳಿದ್ದೆ ಅಲ್ವಾ, ಅಲ್ಲಾಡಬೇಡಿ ಅಂತ," ಎಂದಳು ವಾರಿಜಾಕ್ಷಿ.

"ಅವನು ಗದ್ದ ಕೆಳಗೆ ಹಾಕಿದ್ದ ಮಾರಾಯ್ತಿ. ಫೋಟೊ ಹಾಳಾಗ್ತಿತ್ತು."

ಅವಳು ಎದ್ದು ಹೋಗಿ ದಪ್ಪ ಆಲ್ಬಮ್ ತಂದಳು. ಒಂಟೆಯ ಪಕ್ಕ ತಾನು ನಿಂತಿದ್ದ ಫೋಟೊವನ್ನು ತೆಗೆದು, ಅಲ್ಲಿ ಇದನ್ನು ಸಿಕ್ಕಿಸಿ, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಅಂಗೈಯಿಂದ ಒರೆಸಿ ಸಪಾಟು ಮಾಡಿದಳು.

"ಇಷ್ಟು ಕಂಡ್ರೆ ಸಾಕು," ಎಂದಳು. "ಮದುವೆ ಆಗಿದೆ ಅಂತ ಗೊತ್ತಾಗ್ತದೆ."